ಪುಸ್ತಕ ಯಾರ ಮನೆಯಲ್ಲಿರಬೇಕು?

ನವೆಂಬರ್ ತಿಂಗಳು ಬಂತೆಂದರೆ ನಮ್ಮ ದೇವಾಲಯದ ಹೊರಗೋಡೆಯ ಫಲಕದ ಮೇಲೆ ಒಂದು ಪಟ್ಟಿ ಏರುವುದು ಕೆಲವು ವರ್ಷಗಳಿಂದ ನಡೆದುಬಂದ ವಾಡಿಕೆ. ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಬಡವರ ವಿಶ್ವ ದಿನವನ್ನು ಸಾರಿದರು. 2017ರ ನವೆಂಬರ್ 19ರಂದು ಅದರ ಮೊದಲ ಆಚರಣೆ ನಡೆಯಿತು. ಅಂದಿನಿಂದ ಆ ಭಾನುವಾರ ನಮ್ಮ ಧರ್ಮಕೇಂದ್ರದ ಸೇವಾ ತಂಡವು ವರ್ಷವಿಡೀ ಮಾಡಿದ ಕಾರ್ಯಗಳ ಲೆಕ್ಕವನ್ನು ಒಪ್ಪಿಸುತ್ತಿತ್ತು. ಇಷ್ಟು ಮನೆಗಳಿಗೆ ತಿಂಗಳಿಗೆ ಹತ್ತು ಕಿಲೋ ಅಕ್ಕಿ, ಇಷ್ಟು ಮಕ್ಕಳಿಗೆ ನೋಟುಪುಸ್ತಕ, ಇಷ್ಟು ರೋಗಿಗಳ ಭೇಟಿ, ರಕ್ತದಾನ ಮಾಡಿದವರು ಇಷ್ಟು ಜನ. ಪಟ್ಟಿಯನ್ನು ಬರೆಯುವವರು ನಾವೇ. ನಮ್ಮ ಕೈಬರಹ ಚೆನ್ನಾಗಿದೆಯೆಂದು ಗುರುಮಠದ ದಿನಗಳಿಂದಲೂ ಒಂದು ಹೆಸರಿದೆ. ಆ ಹೆಮ್ಮೆಯೂ ಅದರಲ್ಲಿ ಕೊಂಚ ಬೆರೆತಿರುತ್ತಿತ್ತೆಂಬುದನ್ನು ಮುಚ್ಚಿಡಲಾರೆವು.

ಈ ಸಲ ಆ ಪಟ್ಟಿಯನ್ನು ಬರೆಯಲು ಕುಳಿತಾಗ ಲೇಖನಿ ಮುಂದೆ ಸಾಗಲಿಲ್ಲ. ಅದಕ್ಕೆ ಕಾರಣ ಹೋದ ವರ್ಷ ಮಳೆ ಬಿಟ್ಟ ಮೇಲೆ ಕುಳಗಿಯ ಆಚೆ ಒಂದು ಮನೆಗೆ ನಾವು ಕೊಟ್ಟ ಭೇಟಿ. ಆ ಭೇಟಿಯ ವಿಷಯವನ್ನು ಓದುಗರ ಮುಂದೆ ಇಡಬೇಕೋ ಬೇಡವೋ ಎಂದು ಬಹುದಿನ ಯೋಚಿಸಿದೆವು. ತಪ್ಪು ನಮ್ಮದಾದ್ದರಿಂದ ಹೇಳಿಕೊಳ್ಳುವ ಹಕ್ಕೂ ನಮ್ಮದೇ ಎಂದು ಈಗ ಬರೆಯುತ್ತಿದ್ದೇವೆ.

ಕುಳಗಿಯನ್ನು ಅನೇಕ ಓದುಗರು ಹೆಸರಿನಿಂದ ಬಲ್ಲರು. ದಾಂಡೇಲಿಯಿಂದ ಅಂಬಿಕಾನಗರದ ದಾರಿಯಲ್ಲಿ ಸುಮಾರು 12 ಕಿಲೋಮೀಟರ್ ಹೋದರೆ ಅರಣ್ಯ ಇಲಾಖೆಯ ನಿಸರ್ಗ ಶಿಬಿರ ಸಿಗುತ್ತದೆ. 2007ರಲ್ಲಿ ಅಣಶಿ-ದಾಂಡೇಲಿ ಎಂಬ ಹೆಸರಿನಿಂದ ಹುಲಿ ರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ಎಂಬ ಹೆಸರನ್ನು ಪಡೆದ ಕಾಡು ಇದು. ಶನಿವಾರ ಭಾನುವಾರಗಳಂದು ಮಂಗಟ್ಟೆ ಹಕ್ಕಿಯನ್ನು ಕಾಣಲು ಬರುವವರ ವಾಹನಗಳು ಈ ದಾರಿಯಲ್ಲಿ ಸಾಲುಗಟ್ಟುತ್ತವೆ. ದಾರಿಯಿಂದ ಒಳಕ್ಕೆ, ಮರಗಳ ನಡುವೆ, ನಾಲ್ಕು ಮನೆ ಇಲ್ಲಿ, ಆರು ಮನೆ ಅಲ್ಲಿ ಎಂಬಂತೆ ಹರಡಿಕೊಂಡಿರುವ ಕೇರಿಗಳು ಆ ವಾಹನಗಳಲ್ಲಿ ಕುಳಿತವರ ಕಣ್ಣಿಗೆ ಬೀಳುವುದು ಅಪರೂಪ. ವರ್ಷಗಟ್ಟಲೆ ಅದೇ ದಾರಿಯಲ್ಲಿ ಓಡಾಡಿದ ನಮ್ಮ ಕಣ್ಣಿಗೂ ಅವು ಪೂರ್ತಿಯಾಗಿ ಬಿದ್ದಿರಲಿಲ್ಲ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಈ ಸೀಮೆಯಲ್ಲಿ ಕಥೋಲಿಕರೆಂದರೆ ಒಂದೇ ಬಗೆಯ ಜನರಲ್ಲ. 1955ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯ ಕೆಲಸಕ್ಕೆಂದು ನಾನಾ ಕಡೆಗಳಿಂದ ಬಂದು ನೆಲೆಸಿದ ಮನೆತನಗಳಿವೆ. ಗೋವೆಯ ಕಡೆಯಿಂದ ತಲೆಮಾರುಗಳ ಹಿಂದೆ ಘಟ್ಟ ಹತ್ತಿ ಬಂದವರಿದ್ದಾರೆ. ಸೂಪಾ ಅಣೆಕಟ್ಟು ಎದ್ದಾಗ ಊರೇ ಮುಳುಗಿ ರಾಮನಗರಕ್ಕೆ ಹೋಗಿ ಹೊಸದಾಗಿ ಒಲೆ ಹೂಡಿದವರಿದ್ದಾರೆ. ಇವರೆಲ್ಲರ ಜೊತೆಗೆ ಸಿದ್ದಿಗಳಿದ್ದಾರೆ. ಪೋರ್ಚುಗೀಸರೂ ಇತರರೂ ಆಫ್ರಿಕಾ ಖಂಡದಿಂದ ಗುಲಾಮರಾಗಿ ಹೊತ್ತು ತಂದ ಜನರ ಸಂತತಿ ಅವರು. ಯಜಮಾನರಿಂದ ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದರು. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಮೂರೂ ಮತಗಳವರು ಅವರಲ್ಲಿದ್ದಾರೆ, ಆದರೂ ತಮ್ಮನ್ನು ಒಂದೇ ಜನವೆಂದು ತಿಳಿಯುತ್ತಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಗೌಳಿಗರೂ ಕುಣಬಿಗಳೂ ಅವರ ನೆರೆಹೊರೆಯವರು.

ಅವರ ನಡುವೆ ಧರ್ಮಸಭೆಯ ಕೆಲಸ ಹೊಸದಲ್ಲ. 1976ರಲ್ಲಿ ಬೆಳಗಾವಿಯಿಂದ ಬೇರ್ಪಟ್ಟು ಕಾರವಾರ ಧರ್ಮಕ್ಷೇತ್ರವು ರಚನೆಯಾದ ಮೇಲೆ ಗುರುಗಳೂ ಧರ್ಮಭಗಿನಿಯರೂ ಈ ಕಾಡಿನ ಹಳ್ಳಿಗಳಲ್ಲಿ ನಡೆದಾಡಿದ್ದಾರೆ. ಮುಂಡಗೋಡದಲ್ಲಿ ಜೆಸ್ವಿಟ್ ಗುರುಗಳ ಲೊಯೋಲ ವಿಕಾಸ ಕೇಂದ್ರವು ಸಿದ್ದಿ, ಲಂಬಾಣಿ, ಗೌಳಿ ಸಮುದಾಯಗಳೊಡನೆ ಬಹುಕಾಲದಿಂದ ದುಡಿದಿದೆ. ನಾವು ಹೇಳಹೊರಟಿರುವುದು ಅಂತಹ ದೊಡ್ಡ ಸಂಸ್ಥೆಗಳ ವಿಷಯವಲ್ಲ. ಒಂದು ಸಾಧಾರಣ ಧರ್ಮಕೇಂದ್ರದಲ್ಲಿ, ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ, ಶ್ರೀಸಾಮಾನ್ಯರು ಮಾಡುವ ಸೇವೆಯ ವಿಷಯ.

ನಮ್ಮ ಸೇವಾ ತಂಡದಲ್ಲಿ ಆಗ ಇದ್ದವರೆಲ್ಲರೂ ಪಟ್ಟಣದವರು. ಒಳ್ಳೆಯವರು, ಭಕ್ತಿಯುಳ್ಳವರು, ಕೈಯಿಂದ ಹಣ ಹಾಕಿ ಕೆಲಸ ಮಾಡುವವರು. ಯಾರ ಮನೆಗೆ ಏನು ಬೇಕೆಂಬ ಪಟ್ಟಿಯನ್ನು ಗುರುನಿವಾಸದ ಮೇಜಿನ ಮೇಲೆ ಅವರೂ ನಾವೂ ಕೂಡಿ ಸಿದ್ಧಪಡಿಸುತ್ತಿದ್ದೆವು. ತಿಂಗಳ ಮೊದಲ ಶನಿವಾರ ಜೀಪಿನಲ್ಲಿ ಅಕ್ಕಿ ಹೋಗುತ್ತಿತ್ತು, ಸಂಜೆಯೊಳಗೆ ಜೀಪು ಹಿಂದಿರುಗುತ್ತಿತ್ತು, ಹೆಸರುಗಳ ಮುಂದೆ ಗುರುತು ಬೀಳುತ್ತಿತ್ತು.

ಆ ದಿನ ಕುಳಗಿಯ ಆಚೆಯ ಒಂದು ಸಿದ್ದಿ ಕೇರಿಗೆ ರೋಗಿಯೊಬ್ಬರಿಗೆ ಪರಮಪ್ರಸಾದ ಕೊಡಲು ಹೋಗಿದ್ದೆವು. ಹಿಂದಿರುಗುವಾಗ ಪಟ್ಟಿಯಲ್ಲಿ ಹೆಸರಿದ್ದ ಒಬ್ಬ ಅಜ್ಜಿಯ ಮನೆ ದಾರಿಯಲ್ಲೇ ಸಿಕ್ಕಿತು. ಎಪ್ಪತ್ತು ದಾಟಿದ ವಯಸ್ಸು, ಒಂಟಿ ಜೀವ. ಮನೆಮಾತು ಕೊಂಕಣಿ, ನಮ್ಮೊಡನೆ ಹಳಿಯಾಳದ ಕಡೆಯ ಕನ್ನಡ. ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾ ಕುಳಿತಿದ್ದರು. ಸಿದ್ದಿ ಹೆಂಗಸರ ಕೌದಿಗೆ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಹೊಲಿದ ಹೂವಿರಬೇಕು. ಅದಿಲ್ಲದಿದ್ದರೆ ಕೌದಿ ಮುಗಿಯಿತೆಂದು ಅವರು ಒಪ್ಪುವುದಿಲ್ಲ. ಹೂವಿಟ್ಟು ಮುಗಿಸಿದ್ದ ಒಂದನ್ನು ನೆಲದ ಮೇಲೆ ಹಾಸಿ ನಮ್ಮನ್ನು ಕೂರಿಸಿದರು. ಹಾಲಿಲ್ಲದ ಚಹಾ ಬಂತು. ಕುಶಲ ವಿಚಾರಿಸುತ್ತಾ, "ಅಜ್ಜಿ, ಅಕ್ಕಿ ತಪ್ಪದೆ ಬರುತ್ತಿದೆಯಲ್ಲ?" ಎಂದೆವು. ಹೊಗಳಿಕೆಯ ಮಾತು ಬರಬಹುದೆಂಬ ನಿರೀಕ್ಷೆ ನಮ್ಮಲ್ಲಿ ಇತ್ತೇನೋ.

"ಬರ್ತೈತ್ರಿ ಫಾದರ್. ಅಕ್ಕಿ ರೇಷನ್ ಅಂಗಡ್ಯಾಗೂ ಕೊಡ್ತಾರ. ನನ್ನ ಪಗಾರ ನಿಂತು ಎರಡ ವರ್ಷ ಆತು. ಅದನ್ನ ಯಾರೂ ಕೇಳಂಗಿಲ್ಲ" ಎಂದರು.

ಪಗಾರವೆಂದರೆ ಸರ್ಕಾರದ ವೃದ್ಧಾಪ್ಯ ವೇತನ. 2021ರಿಂದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಅದು ತಿಂಗಳಿಗೆ 1,200 ರೂಪಾಯಿ. ಆ ಹಣವು ಏಕೆ ನಿಂತಿತೆಂದು ವಿಚಾರಿಸಲು ಅಜ್ಜಿ ಎರಡು ಸಲ ಕಚೇರಿಗೆ ಹೋಗಿ ಬಂದಿದ್ದರು. ನಾಳೆ ಬಾ ಎಂದರಂತೆ. ನಾಳೆ ಬರಲು ಬಸ್ಸಿರಲಿಲ್ಲ. ಮೂರನೆಯ ಸಲ ಹೋಗುವ ಧೈರ್ಯವಾಗಲಿಲ್ಲ. ಯಾವ ಕಚೇರಿ ಎಂಬುದನ್ನು ಇಲ್ಲಿ ಬರೆಯುವುದು ಅನಗತ್ಯ. ಅಲ್ಲಿಯ ಮೇಜಿಗೂ ಗುರುನಿವಾಸದ ಮೇಜಿಗೂ ಆ ದಿನ ನಮಗೆ ಹೆಚ್ಚಿನ ವ್ಯತ್ಯಾಸ ತೋರಲಿಲ್ಲ.

ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಂತು. ನಾವು ಕಳುಹಿಸುತ್ತಿದ್ದ ಅಕ್ಕಿಯಲ್ಲಿ ಬಹುಪಾಲನ್ನು ಅಜ್ಜಿ ಕೂಗಳತೆಯಲ್ಲಿದ್ದ ಒಂದು ಗೌಳಿ ಮನೆಗೆ ಕೊಡುತ್ತಿದ್ದರು. ಆ ಮನೆಯವರಿಗೆ ರೇಷನ್ ಕಾರ್ಡ್ ಆಗಿರಲಿಲ್ಲ, ಚಿಕ್ಕ ಮಕ್ಕಳಿದ್ದರು. ನಮ್ಮ ಪಟ್ಟಿಯಲ್ಲಿ ಗುರುತು ಬಿದ್ದ ಅಕ್ಕಿಯ ನಿಜವಾದ ಹಂಚಿಕೆಯನ್ನು ಮಾಡುತ್ತಿದ್ದವರು ಈ ಅಜ್ಜಿ. ಅವರ ಹೆಸರು ನಮ್ಮ ಪುಸ್ತಕದಲ್ಲಿ ಸೇವೆ ಪಡೆಯುವವರ ಸಾಲಿನಲ್ಲಿತ್ತು.

ಗುರುನಿವಾಸಕ್ಕೆ ಬಂದು ಒಂದು ಕಾಗದದ ಮೇಲೆ ಲೆಕ್ಕ ಹಾಕಿದೆವು. ಇಪ್ಪತ್ತನಾಲ್ಕು ತಿಂಗಳು ನಾವು ಕೊಟ್ಟ ಅಕ್ಕಿ 240 ಕಿಲೋ; ಕಿಲೋಗೆ ನಲವತ್ತು ರೂಪಾಯಿ ಹಿಡಿದರೂ ಒಟ್ಟು 9,600 ರೂಪಾಯಿ. ಅದೇ ಅವಧಿಯಲ್ಲಿ ಅಜ್ಜಿ ಕಳೆದುಕೊಂಡದ್ದು 28,800 ರೂಪಾಯಿ. ಅವರಿಗೆ ನ್ಯಾಯವಾಗಿ ಸಲ್ಲಬೇಕಾದುದರ ಮೂರನೆಯ ಒಂದು ಭಾಗವನ್ನು ನಾವು ದಾನವೆಂದು ಕೊಟ್ಟು, ಅದನ್ನು ಫಲಕದ ಮೇಲೆ ಬರೆದು ಅಂಟಿಸಿದ್ದೆವು.

1965ರ ನವೆಂಬರ್ 18ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಶ್ರೀಸಾಮಾನ್ಯರ ಪ್ರೇಷಿತ ಕಾರ್ಯವನ್ನು ಕುರಿತ ತನ್ನ ಆದೇಶಪತ್ರವನ್ನು ಹೊರಡಿಸಿತು. ಗುರುಮಠದಲ್ಲಿ ನಾವು ಅದನ್ನು ಪರೀಕ್ಷೆಗಾಗಿ ಓದಿದ್ದೆವು. ಅದರ ಎಂಟನೆಯ ಭಾಗದಲ್ಲಿ ಒಂದು ಎಚ್ಚರಿಕೆಯಿದೆ: ನ್ಯಾಯದ ಪ್ರಕಾರ ಒಬ್ಬನಿಗೆ ಸಲ್ಲಬೇಕಾದುದನ್ನು ಪ್ರೀತಿಯ ಕಾಣಿಕೆಯೆಂಬಂತೆ ಕೊಡಬಾರದು, ಮೊದಲು ನ್ಯಾಯದ ಸಾಲ ತೀರಬೇಕು, ಕಷ್ಟದ ಪರಿಣಾಮಗಳನ್ನು ಮಾತ್ರವಲ್ಲ, ಅದರ ಕಾರಣಗಳನ್ನೂ ನಿವಾರಿಸಬೇಕು, ಪಡೆಯುವವರು ಕ್ರಮೇಣ ಪರಾವಲಂಬನೆಯಿಂದ ಬಿಡುಗಡೆ ಹೊಂದುವಂತೆ ನೆರವು ನೀಡಬೇಕು. ಇಷ್ಟು ಸ್ಪಷ್ಟವಾದ ಮಾತನ್ನು ಓದಿ, ಉತ್ತರ ಬರೆದು, ಅಂಕ ಪಡೆದು, ಮೂವತ್ತು ವರ್ಷ ಗುರುಗಳಾಗಿ ಬಾಳಿ, ಅದರ ಅರ್ಥವನ್ನು ಹಾಲಿಲ್ಲದ ಚಹಾ ಕುಡಿಯುತ್ತಾ ತಿಳಿಯಬೇಕಾಯಿತು.

ವೇತನ ನಿಂತ ಕಾರಣವನ್ನು ಕಂಡುಹಿಡಿಯಲು ಮೂರು ವಾರ ಹಿಡಿಯಿತು. ನಮ್ಮ ಧರ್ಮಕೇಂದ್ರದಲ್ಲಿ ಗುಮಾಸ್ತೆಯ ಕೆಲಸದಿಂದ ನಿವೃತ್ತರಾದ ಒಬ್ಬ ಹಿರಿಯರಿದ್ದಾರೆ. ಗಾಯನವೃಂದದಲ್ಲಿ ಅವರ ಧ್ವನಿ ಶ್ರುತಿಗೆ ಸೇರುವುದಿಲ್ಲ, ಅಕ್ಕಿ ಮೂಟೆ ಎತ್ತುವ ಶಕ್ತಿಯೂ ಇಲ್ಲ. ಆದ್ದರಿಂದ ಅವರನ್ನು ಯಾವ ಸೇವೆಗೂ ನಾವು ಕರೆದಿರಲಿಲ್ಲ. ಅವರು ಅಜ್ಜಿಯೊಡನೆ ಕುಳಿತು ಕಾಗದಗಳನ್ನೆಲ್ಲ ನೆಲದ ಮೇಲೆ ಹರಡಿಸಿ ನೋಡಿದರು. ಆಧಾರ್ ಚೀಟಿಯಲ್ಲಿ ಮನೆಯಲ್ಲಿ ಕರೆಯುವ ಹೆಸರು, ಬ್ಯಾಂಕ್ ಪುಸ್ತಕದಲ್ಲಿ ಸ್ನಾನದೀಕ್ಷೆಯ ಹೆಸರು. ಖಾತೆಗೂ ಆಧಾರ್ ಸಂಖ್ಯೆಗೂ ಜೋಡಣೆಯಾಗದೆ ಹಣ ನಿಂತಿತ್ತು. ಸೂಜಿ ಹಿಡಿದು, ಬಿದಿರು ಸೀಳಿ ಸವೆದುಹೋದ ಹೆಬ್ಬೆರಳಿನ ಗೆರೆಗಳನ್ನು ಯಂತ್ರವೂ ಗುರುತಿಸಲೊಲ್ಲದು. ಇಬ್ಬರೂ ಒಬ್ಬರೇ ಎಂಬುದಕ್ಕೆ ಏನಾದರೂ ದಾಖಲೆಯುಂಟೇ ಎಂದು ಅವರು ನಮ್ಮನ್ನು ಕೇಳಿದರು. ದಾಖಲೆ ನಮ್ಮ ಬೀರುವಿನಲ್ಲೇ ಇತ್ತು. ಸ್ನಾನದೀಕ್ಷೆಯ ಹಳೆಯ ದಪ್ತರದಲ್ಲಿ ಹೆಸರು, ತಂದೆತಾಯಿಯರ ಹೆಸರು, ಅಂಚಿನಲ್ಲಿ ಯಾರೋ ಹಿಂದಿನ ಗುರುಗಳು ಬರೆದಿಟ್ಟ ಮನೆಹೆಸರು. ಅದರ ಆಧಾರದ ಮೇಲೆ ಅಫಿಡವಿಟ್ ಬರೆಸಿ, ಹೆಸರನ್ನು ತಿದ್ದಿಸಿ, ಖಾತೆಗೆ ಜೋಡಿಸುವ ತನಕ ಆರು ಸಲ ಓಡಾಟ. ಆರು ಸಲವೂ ಆ ಹಿರಿಯರು ಅಜ್ಜಿಯ ಜೊತೆಗಿದ್ದರು. ಎರಡು ತಿಂಗಳ ನಂತರ ವೇತನ ಮತ್ತೆ ಆರಂಭವಾಯಿತು. ನಿಂತ ತಿಂಗಳುಗಳ ಬಾಕಿ ಈವರೆಗೂ ಬಂದಿಲ್ಲ.

ತತ್ತ್ವಶಾಸ್ತ್ರವನ್ನು ಓದಿದವರಿಗೆ ಒಂದು ದುರಭ್ಯಾಸವಿರುತ್ತದೆ: ಯಾವುದಾದರೂ ನಡೆದ ಮೇಲೆ ಅದಕ್ಕೆ ಹಿಂದೆಯೇ ಯಾರು ಏನು ಹೇಳಿದ್ದರೆಂದು ಹುಡುಕುವುದು. ಫ್ರಾನ್ಸ್ ದೇಶದ ಕಥೋಲಿಕ ಚಿಂತಕ ಗಬ್ರಿಯೇಲ್ ಮಾರ್ಸೆಲ್ (1889-1973) ಮೊದಲ ಮಹಾಯುದ್ಧದ ಕಾಲದಲ್ಲಿ ರೆಡ್‌ಕ್ರಾಸ್ ಸಂಸ್ಥೆಯ ಒಂದು ಕಚೇರಿಯಲ್ಲಿದ್ದರು. ದೇಹಬಲ ಸಾಲದೆ ರಣರಂಗಕ್ಕೆ ಹೋಗಲಾರದವರು. ಕಾಣೆಯಾದ ಸೈನಿಕರ ಸುದ್ದಿಯನ್ನು ಹುಡುಕಿಕೊಡುವುದು ಅವರ ಕೆಲಸ. ಪ್ರತಿ ಸೈನಿಕನಿಗೂ ಒಂದು ಚೀಟಿ, ಚೀಟಿಯ ಮೇಲೆ ಹೆಸರು, ದಳ, ದಿನಾಂಕ. ಆ ಸೈನಿಕರ ತಾಯಂದಿರೂ ಹೆಂಡತಿಯರೂ ಎದುರು ಬಂದು ಕುಳಿತು ವಿಚಾರಿಸತೊಡಗಿದಾಗ ಮಾರ್ಸೆಲ್ಲರಿಗೆ ಚೀಟಿ ಚೀಟಿಯಾಗಿ ಉಳಿಯಲಿಲ್ಲ. ಒಂದೊಂದೂ ಒಂದು ಮೊರೆಯಾಯಿತು. ಮನುಷ್ಯನನ್ನು ಲಕ್ಷಣಗಳ ಮೊತ್ತವಾಗಿ ಕಾಣುವ ಚಿಂತನೆಯಿಂದ ಅವರು ದೂರ ಸರಿದದ್ದರ ಹಿಂದೆ ಈ ಅನುಭವವಿತ್ತು. ಮತ್ತೊಬ್ಬರಿಗೆ ಒದಗುವವನಾಗಿರುವುದು ಎಂಬುದೊಂದು ಕಲ್ಪನೆ ಅವರಲ್ಲಿ ಬಹು ಮುಖ್ಯ. ಕೈಯಲ್ಲಿರುವುದನ್ನು ಕೊಡುವುದಷ್ಟೇ ಒದಗುವುದಲ್ಲ. ಎದುರಿಗಿರುವವರ ಮಾತು ನಮ್ಮ ಎಣಿಕೆಯನ್ನು ಕೆಡಿಸಲು ಎಡೆಕೊಡುವುದೂ ಅದರಲ್ಲಿ ಸೇರಿದೆ ಎಂದು ಈಗ ನಮಗೆ ಅನ್ನಿಸುತ್ತದೆ. ಸಂತ ಥಾಮಸ್ ಅಕ್ವಿನಾಸರು ಅರಿಸ್ಟಾಟಲನನ್ನು ಅನುಸರಿಸಿ, ಪ್ರೀತಿಸುವುದೆಂದರೆ ಇನ್ನೊಬ್ಬರ ಒಳಿತನ್ನು ಬಯಸುವುದೆಂದು ವಿವರಿಸಿದರು. ಸರಿ, ಆದರೆ ಆ ಒಳಿತು ಯಾವುದೆಂದು ತಿಳಿಯದೆ ಅದನ್ನು ಬಯಸುವುದು ಹೇಗೆ?

ಇದಕ್ಕೂ ಹಿಂದಿನ, ನಮಗೆಲ್ಲರಿಗೂ ಪರಿಚಿತವಾದ ಒಂದು ಘಟನೆಯನ್ನು ಈ ಸಂದರ್ಭದಲ್ಲಿ ಮತ್ತೆ ಓದಿದೆವು. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯ. ಜೆರುಸಲೇಮಿನ ಮೊದಲ ಕ್ರೈಸ್ತ ಸಮುದಾಯದಲ್ಲಿ ಗ್ರೀಕ್ ಭಾಷೆಯವರೂ ಹೀಬ್ರೂ ಭಾಷೆಯವರೂ ಇದ್ದರು. ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆಯೆಂದು ಗ್ರೀಕ್ ಭಾಷೆಯವರು ಗೊಣಗಿದರು. ಹನ್ನೆರಡು ಮಂದಿ ಪ್ರೇಷಿತರು ಎಲ್ಲರನ್ನೂ ಕರೆದು, ಈ ಕಾರ್ಯಕ್ಕೆ ಏಳು ಜನರನ್ನು ಆರಿಸಿಕೊಡಿ ಎಂದರು. ಈ ವಾಚನದ ಮೇಲೆ ನಾವು ಎಷ್ಟೋ ಸಲ ಪ್ರಬೋಧನೆ ಮಾಡಿದ್ದೇವೆ. ಧರ್ಮಸೇವಕರೆಂಬ ಪದವಿ ಇಲ್ಲಿಂದ ಆರಂಭವಾಯಿತೆಂದು ಹೇಳಿದ್ದೇವೆ. (ಆ ಏಳು ಜನರನ್ನು ಧರ್ಮಸೇವಕರೆಂದು ಅಲ್ಲಿ ಕರೆದಿಲ್ಲವೆಂಬುದು ಬೇರೆ ಮಾತು, ಅದು ನಂತರದ ಪರಂಪರೆ.) ಆದರೆ ಆ ಏಳು ಹೆಸರುಗಳನ್ನು ನಿಧಾನವಾಗಿ ಓದಿರಲಿಲ್ಲ. ಸ್ತೆಫಾನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೆನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಏಳನೆಯವನಂತೂ ಅಂತಿಯೋಕ್ಯದಿಂದ ಬಂದು ಯೆಹೂದ್ಯ ಧರ್ಮವನ್ನು ಸೇರಿದ್ದ ಹೊರಗಿನವನು. ಗ್ರೀಕ್ ಹೆಸರಿದ್ದ ಮಾತ್ರಕ್ಕೆ ಆ ಪಕ್ಷದವರೆಂದು ಖಂಡಿತವಾಗಿ ಹೇಳಲಾಗದೆಂಬುದನ್ನು ಬಲ್ಲೆವು. ಆದರೂ ಏಳಕ್ಕೆ ಏಳೂ ಹಾಗಿರುವುದು ಏನನ್ನೋ ಸೂಚಿಸುತ್ತದೆ: ಹಂಚಿಕೆಯಲ್ಲಿ ಯಾರಿಗೆ ಅನ್ಯಾಯವಾಗಿತ್ತೋ ಆ ಜನರ ಕೈಗೇ ಎಲ್ಲರ ಹಂಚಿಕೆಯನ್ನೂ ಒಪ್ಪಿಸಲಾಯಿತು. ಗೊಣಗಿದವರನ್ನು ಸಮಾಧಾನಪಡಿಸಲು ಒಂದು ಪಾಲು ಹೆಚ್ಚು ಕೊಟ್ಟು ಕಳುಹಿಸಬಹುದಿತ್ತು. ಪ್ರೇಷಿತರು ಹಾಗೆ ಮಾಡಲಿಲ್ಲ.

ನಮ್ಮ ಪಟ್ಟಿಯ ಪುಸ್ತಕ ಗುರುನಿವಾಸದ ಮೇಜನ್ನು ಬಿಟ್ಟು ಹೊರಟದ್ದು ಹೀಗೆ.

ಅಜ್ಜಿಯ ಕೇರಿಯಲ್ಲೇ ನಲವತ್ತರ ಆಸುಪಾಸಿನ ಒಬ್ಬ ತಾಯಿ ಇದ್ದಾರೆ. ಏಳನೆಯ ತರಗತಿಯವರೆಗೆ ಓದಿದವರು, ಪ್ರವಾಸಿಗರ ವಸತಿಗೃಹವೊಂದರಲ್ಲಿ ಪಾತ್ರೆ ತೊಳೆಯುವ ಕೆಲಸ. ಆ ಭಾಗದ ಹಂಚಿಕೆಯ ಹೊಣೆಯನ್ನು ವಹಿಸಿಕೊಳ್ಳುವಿರಾ ಎಂದು ಕೇಳಿದಾಗ ಮೊದಲು ನಕ್ಕರು. ಎರಡನೆಯ ಭಾನುವಾರ ಬಂದು ಎರಡು ಷರತ್ತುಗಳನ್ನು ಹಾಕಿದರು. ಪುಸ್ತಕ ತಮ್ಮ ಮನೆಯಲ್ಲೇ ಇರಬೇಕು. ಯಾರಿಗೆ ಏನು ಕೊಟ್ಟೆವೆಂದು ದೇವಾಲಯದ ಫಲಕದ ಮೇಲೆ ಬರೆಯಬಾರದು. "ನಮ್ಮ ಹುಡುಗರು ಅದನ್ನ ಓದ್ತಾರ್ರಿ ಫಾದರ್" ಎಂದರು. ಅಷ್ಟೇ ಹೇಳಿ ಸುಮ್ಮನಾದರು. ಫಲಕದ ಮೇಲೆ ನಾವು ಮನೆಗಳ ಹೆಸರನ್ನು ಎಂದೂ ಬರೆದವರಲ್ಲ. ಆದರೆ ಕೇರಿಯ ಹೆಸರನ್ನು ಬರೆಯುತ್ತಿದ್ದೆವು. ಆರು ಮನೆಗಳ ಕೇರಿಗೆ ಅಷ್ಟು ಸಾಕು.

ಒಂದು ತಿಂಗಳಲ್ಲಿ ಪಟ್ಟಿ ಬದಲಾಯಿತು. ಮೂರು ಹೆಸರುಗಳು ಹೊರಟುಹೋದವು. ಅವರಿಗೆ ಅಕ್ಕಿಯ ಅಗತ್ಯವಿಲ್ಲವೆಂದು ಆ ತಾಯಿ ಅವರನ್ನೇ ಕೇಳಿ ಬರೆದುಕೊಂಡು ಬಂದಿದ್ದರು. ಎರಡು ಹೊಸ ಮನೆಗಳು ಸೇರಿದವು. ಒಂದು ಆ ಗೌಳಿ ಮನೆ, ಇನ್ನೊಂದು ಮುಸ್ಲಿಂ ಸಿದ್ದಿಗಳದು. ಅಕ್ಕಿ ಎಂದು ಬರೆದಿದ್ದ ಕಡೆಗಳಲ್ಲಿ ಬೇರೆ ಮಾತುಗಳು ಬಂದವು: ಕನ್ನಡಕ, ಜಾತಿ ಪ್ರಮಾಣಪತ್ರ, ಹುಬ್ಬಳ್ಳಿಯ ಆಸ್ಪತ್ರೆಗೆ ಜೊತೆಗೆ ಹೋಗುವವರು ಬೇಕು, ಅರಣ್ಯ ಹಕ್ಕಿನ ಅರ್ಜಿ ಎಲ್ಲಿಗೆ ಬಂತೆಂದು ಕೇಳಬೇಕು.

ಧರ್ಮಕೇಂದ್ರದ ಪಾಲನಾ ಮಂಡಳಿಯಲ್ಲಿ ಇದು ಸುಲಭವಾಗಿ ಸಾಗಲಿಲ್ಲ. ವರ್ಷಗಳಿಂದ ಸೇವಾ ತಂಡವನ್ನು ಹೊತ್ತು ನಡೆಸಿದ ಒಬ್ಬ ಸದಸ್ಯರು, ನಾವು ಬಹುವಾಗಿ ಗೌರವಿಸುವವರು, ಎದ್ದು ನಿಂತು ಎರಡು ಪ್ರಶ್ನೆಗಳನ್ನು ಕೇಳಿದರು. ಭಕ್ತರು ಕೊಟ್ಟ ಹಣದ ಲೆಕ್ಕಪುಸ್ತಕ ಕಾಡಿನೊಳಗಿನ ಒಂದು ಮನೆಯಲ್ಲಿದ್ದರೆ ಅದನ್ನು ನೋಡುವವರು ಯಾರು? ನಮ್ಮವರಲ್ಲೇ ಬಡವರಿರುವಾಗ ಹೊರಗಿನವರಿಗೆ ಕೊಡುವುದು ಸರಿಯೇ? ಮೊದಲ ಪ್ರಶ್ನೆ ನ್ಯಾಯವಾದದ್ದು. ಹಣದ ಲೆಕ್ಕ ಧರ್ಮಕೇಂದ್ರದಲ್ಲೇ ಇರುವುದು, ಯಾರಿಗೆ ಏನು ಬೇಕೆಂಬ ಪುಸ್ತಕ ಮಾತ್ರ ಅಲ್ಲಿರುವುದು ಎಂದು ತೀರ್ಮಾನವಾಯಿತು. ಎರಡನೆಯ ಪ್ರಶ್ನೆಗೆ ನಾವು ಉತ್ತರ ಹೇಳುವ ಮೊದಲೇ ಹಿಂದಿನ ಬೆಂಚಿನಿಂದ ಇನ್ನೊಂದು ಭಯ ಮಾತಾಯಿತು: ಹಿಂದೂ ಮನೆಗೂ ಮುಸ್ಲಿಂ ಮನೆಗೂ ನಾವು ಹೋದರೆ ಮತಾಂತರಕ್ಕೆ ಬಂದರೆಂದು ಯಾರಾದರೂ ಹೇಳಿದರೆ? 2022ರಲ್ಲಿ ರಾಜ್ಯದಲ್ಲಿ ಮತಾಂತರವನ್ನು ಕುರಿತ ಕಾಯಿದೆಯಾದಾಗ ನಡೆದ ಚರ್ಚೆಯ ಕಾವು ನಮ್ಮ ಸ್ವಯಂಸೇವಕರ ಮನಸ್ಸಿನಲ್ಲಿ ಇನ್ನೂ ಆರಿಲ್ಲ.

ಆ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಈ ವಿಷಯದಲ್ಲಿ ಧರ್ಮಸಭೆಯ ಮಾತು ಕಾಯಿದೆಗಿಂತ ಹಿಂದಿನದು, ಕಾಯಿದೆಗಿಂತ ಕಟ್ಟುನಿಟ್ಟಾದದ್ದು. ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2005ರಲ್ಲಿ ಬರೆದ ತಮ್ಮ ಮೊದಲ ವಿಶ್ವಪತ್ರದಲ್ಲಿ ಎರಡು ಸಂಗತಿಗಳನ್ನು ಜೊತೆಜೊತೆಗೆ ಹೇಳಿದರು. ದೇವರ ವಾಕ್ಯವನ್ನು ಸಾರುವುದು, ಸಂಸ್ಕಾರಗಳನ್ನು ಆಚರಿಸುವುದು, ಪ್ರೀತಿಯ ಸೇವೆಯನ್ನು ಮಾಡುವುದು, ಈ ಮೂರೂ ಧರ್ಮಸಭೆಯ ಸ್ವಭಾವಕ್ಕೇ ಸೇರಿದವು. ಮೂರನೆಯದು ಪುರುಸೊತ್ತಿದ್ದರೆ ಮಾಡುವ ಹೆಚ್ಚುವರಿ ಕೆಲಸವಲ್ಲ. ಆ ಸೇವೆಯನ್ನು ಜನ ಸೆಳೆಯುವ ಉಪಾಯವನ್ನಾಗಿ ಬಳಸಕೂಡದು. ಪ್ರೀತಿಗೆ ಬೆಲೆ ಕಟ್ಟಲಾಗದು. ದೇವರ ವಿಷಯ ಯಾವಾಗ ಮಾತನಾಡಬೇಕು, ಯಾವಾಗ ಮೌನವಾಗಿದ್ದು ಪ್ರೀತಿಯನ್ನೇ ಮಾತನಾಡಲು ಬಿಡಬೇಕು ಎಂಬುದನ್ನು ಕ್ರೈಸ್ತನು ಬಲ್ಲವನಾಗಿರಬೇಕು. ಇದನ್ನು ಮಂಡಳಿಗೆ ಓದಿ ಹೇಳಿದೆವು. ಅದರಿಂದ ಎಷ್ಟು ಜನರ ಮನ ಒಲಿಯಿತೋ ತಿಳಿಯದು. ಒಲಿಸಿದ್ದು ಬೇರೆಯೇ ಒಂದು ಮಾತು. ಆ ತಾಯಿ, ಅಲ್ಲಿಯವರೆಗೂ ಬಾಗಿಲ ಬಳಿ ನಿಂತಿದ್ದವರು, "ಆ ಮನ್ಯಾಗಿನ ಹುಡುಗ ನನ್ನ ಮಗನ ಜೋಡಿ ಸಾಲಿಗೆ ಹೋಗ್ತಾನ್ರಿ. ನಮ್ಮ ಮನಿಗೆ ಅಕ್ಕಿ ಬಂದ ದಿನ ಅವ್ರ ಮನಿಗೂ ಗೊತ್ತಾಗತೈತಿ. ನಾನ್ಯಾಂಗ ಮುಖ ತೋರಿಸ್ಲಿ?" ಎಂದರು. ಕಾಡಿನ ಕೇರಿಯ ನೆರೆಹೊರೆ ಎಂದರೇನೆಂಬುದು ಪಟ್ಟಣದವರಾದ ನಮಗೆ ಆಗ ಸ್ವಲ್ಪ ಅರ್ಥವಾಯಿತು.

ಸ್ವಯಂಸೇವಕರಲ್ಲಿ ಕೆಲವರು ಬಿಟ್ಟುಹೋದರು, ಇದನ್ನೂ ಹೇಳಬೇಕು. ಮೂಟೆ ಇಳಿಸಿ ಬರುವ ಕೆಲಸಕ್ಕೆ ಒಂದು ಮುಕ್ತಾಯವಿದೆ, ಸಂಜೆಯ ಹೊತ್ತಿಗೆ ತೃಪ್ತಿಯಿದೆ. ಕಚೇರಿಯ ಬೆಂಚಿನ ಮೇಲೆ ಒಬ್ಬ ಮುದುಕಿಯ ಪಕ್ಕದಲ್ಲಿ ಅರ್ಧ ದಿನ ಕುಳಿತು, ಬರಿಗೈಯಲ್ಲಿ ಹಿಂದಿರುಗಿ, ಮುಂದಿನ ವಾರ ಮತ್ತೆ ಹೋಗುವುದರಲ್ಲಿ ಅಂತಹದೇನೂ ಇಲ್ಲ. ಯುವಕರನ್ನು ಕೇಳೋಣವೆಂದರೆ ಅವರಲ್ಲಿ ಬಹುತೇಕರು ಗೋವೆಗೋ ಬೆಂಗಳೂರಿಗೋ ದುಡಿಯಲು ಹೋಗಿದ್ದಾರೆ. ಉಳಿದದ್ದು ನಿವೃತ್ತರು, ಮತ್ತು ಎಂದಿನಂತೆ ಹೆಂಗಸರು. 2023ರ ಜೂನ್‌ನಿಂದ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ದೊರೆತದ್ದು ನಮ್ಮ ಸೇವಾ ಕಾರ್ಯಕ್ಕೆ ಎಷ್ಟು ಒದಗಿತೆಂದರೆ, ತಂಡವು ಬಸ್ಸಿನಲ್ಲಿ ಹೊರಟಾಗ ಟಿಕೆಟ್ ಕೊಳ್ಳುವವರು ಬಹುಶಃ ನಾವೊಬ್ಬರೇ.

ಆ ಹೆಂಗಸರಲ್ಲಿ ಮರಿಯಳ ಸೇನೆಯ ಕೆಲವರಿದ್ದಾರೆ. 1921ರಲ್ಲಿ ಡಬ್ಲಿನ್ ನಗರದಲ್ಲಿ ಫ್ರಾಂಕ್ ಡಫ್ ಆರಂಭಿಸಿದ ಆ ಸಂಘದಲ್ಲಿ ಸದಸ್ಯರು ಇಬ್ಬಿಬ್ಬರಾಗಿ ಮನೆಗಳಿಗೆ ಹೋಗಬೇಕು, ಆದರೆ ಹಣವನ್ನಾಗಲಿ ವಸ್ತುವನ್ನಾಗಲಿ ಕೊಡಕೂಡದು ಎಂಬ ನಿಯಮವಿದೆ. ಬಡವರ ಮನೆಗೆ ಬರಿಗೈಯಲ್ಲಿ ಹೋಗುವುದೆಂದರೇನು ಎಂದು ಹಿಂದೆ ನಾವು ಅದನ್ನು ಒಳಗೊಳಗೇ ಆಕ್ಷೇಪಿಸಿದ್ದುಂಟು. ಬರಿಗೈಯಲ್ಲಿ ಹೋದವರಿಗೆ ಕೇಳುವುದೊಂದೇ ಕೆಲಸ ಉಳಿಯುತ್ತದೆ. ಅಜ್ಜಿಯ ಪಗಾರ ನಿಂತದ್ದು ಈ ಹೆಂಗಸರಲ್ಲಿ ಇಬ್ಬರಿಗೆ ಒಂದು ವರ್ಷದ ಹಿಂದೆಯೇ ಗೊತ್ತಿತ್ತು. ನಮಗೇಕೆ ಹೇಳಲಿಲ್ಲ ಎಂದರೆ, "ನೀವು ಕೇಳಲಿಲ್ಲವಲ್ಲ ಫಾದರ್" ಎಂದರು. ಸಂತ ವಿನ್ಸೆಂಟ್ ದ ಪಾಲ್ ಸಭೆಯ ಮೂಲವೂ ಮನೆಭೇಟಿಯೇ. 1833ರಲ್ಲಿ ಪ್ಯಾರಿಸಿನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡ್ರಿಕ್ ಓಝನಾಂ, ನಿಮ್ಮ ಧರ್ಮಸಭೆ ಈಗ ಬಡವರಿಗೆ ಏನು ಮಾಡುತ್ತಿದೆ ಎಂಬ ಸಹಪಾಠಿಗಳ ಕೆಣಕಿಗೆ ಉತ್ತರವಾಗಿ ಗೆಳೆಯರೊಡನೆ ಹೊರಟಾಗ, ಯಾವ ಮನೆಗೆ ಹೋಗಬೇಕು, ಹೋಗಿ ಹೇಗಿರಬೇಕು ಎಂಬುದನ್ನು ಕಲಿಸಿದವರು ಆ ಕೇರಿಗಳಲ್ಲೇ ಬಾಳಿದ ಧರ್ಮಭಗಿನಿ ರೊಸಾಲಿ ರೆಂದ್ಯು. ಪಂಡಿತನಾಗಲಿದ್ದ ಹುಡುಗನಿಗೆ ಕೇರಿ ಬಲ್ಲವರು ಬೇಕಾಯಿತು.

ಹೊಸ ವ್ಯವಸ್ಥೆಯಲ್ಲಿ ದೋಷವಿಲ್ಲವೆಂದು ಯಾರೂ ತಿಳಿಯಬಾರದು. ಆರು ತಿಂಗಳ ನಂತರ ಗಮನಿಸಿದೆವು: ಪಕ್ಕದ ಕೇರಿಯ ಒಂದು ಮನೆ ಪುಸ್ತಕದಲ್ಲೇ ಇಲ್ಲ. ವಿಚಾರಿಸಿದರೆ ಆ ಮನೆಗೂ ಈ ತಾಯಿಯ ಮನೆಗೂ ಒಂದು ಹಲಸಿನ ಮರದ ವಿಷಯದಲ್ಲಿ ವರ್ಷಗಳಿಂದ ಮಾತಿಲ್ಲ. ಪಾಲನಾ ಮಂಡಳಿಯ ಆ ಹಿರಿಯ ಸದಸ್ಯರು ನಮ್ಮತ್ತ ನೋಡಿದ ನೋಟ ಇನ್ನೂ ನೆನಪಿದೆ. ಪಟ್ಟಣದ ಪಕ್ಷಪಾತ ಹೋಗಿ ಕೇರಿಯ ಪಕ್ಷಪಾತ ಬಂತು ಎಂಬುದು ಆ ನೋಟದ ಅರ್ಥ. ತಾಯಿಯೊಡನೆ ಕುಳಿತು ಮಾತನಾಡಿದೆವು. ಅವರು ತಪ್ಪನ್ನು ಒಪ್ಪಲಿಲ್ಲ, ನಿರಾಕರಿಸಲೂ ಇಲ್ಲ. ಆ ಕೇರಿಯ ಪುಟಗಳನ್ನು ಇನ್ನೊಬ್ಬರು ಬರೆಯಲಿ ಎಂದು ಪುಸ್ತಕವನ್ನು ನಡುವೆ ಮಡಚಿ ತೋರಿಸಿದರು. ಈಗ ಇಬ್ಬರು ಬರೆಯುತ್ತಾರೆ. ಹಲಸಿನ ಮರದ ವ್ಯಾಜ್ಯ ಹಾಗೆಯೇ ಇದೆ.

ಈ ವರ್ಷದ ಬಡವರ ವಿಶ್ವ ದಿನ ಹತ್ತಿರವಾಗಿದೆ. ಫಲಕದ ಮೇಲೆ ಏನು ಬರೆಯುವಿರೆಂದು ಉಪದೇಶಿಯವರು ಎರಡು ಸಲ ಕೇಳಿದರು. ಬೇಕಾದ ಸಹಾಯಗಳ ಹೆಸರನ್ನಷ್ಟೇ, ಊರು ಕೇರಿಗಳನ್ನು ಬಿಟ್ಟು ಬರೆಯೋಣ, ಕಚೇರಿಗೆ ಜೊತೆಯಾಗಿ ಹೋಗಬಲ್ಲವರು ಮುಂದೆ ಬರಲಿ ಎಂಬುದು ನಮ್ಮ ಯೋಚನೆ. ಅದಕ್ಕೆ ಮೊದಲು ಪುಸ್ತಕವನ್ನು ಒಮ್ಮೆ ನೋಡಬೇಕಾಗಿತ್ತು. ಭಾನುವಾರ ಬರುವಾಗ ತನ್ನಿ ಎಂದು ಆ ತಾಯಿಗೆ ಹೇಳಿ ಕಳುಹಿಸಿದೆವು. ಮರುದಿನ ಉತ್ತರ ಬಂತು: ಪುಸ್ತಕ ಮನೆ ಬಿಟ್ಟು ಬರುವುದಿಲ್ಲ, ಫಾದರ್ ಅವರೇ ಬರಲಿ, ಬುಧವಾರ ತಮಗೆ ಕೆಲಸಕ್ಕೆ ರಜೆ. ಅಜ್ಜಿಗೂ ನಾಲ್ಕು ಮಾತು ಹೇಳುವುದಿದೆಯಂತೆ. ಬುಧವಾರದ ಬಸ್ಸಿನ ಹೊತ್ತನ್ನು ವಿಚಾರಿಸಿ ಇಟ್ಟುಕೊಂಡಿದ್ದೇವೆ.